ಬಾಟ್ಲಿ ಕೊಂಡ್ರೆ ಮಾತ್ರ ಬೇರು ಕೊಳ್ತೀವಿ ಅನ್ನೋರಿಗೆ ಸಹಿ ಹಾಕಬೇಡಿ

ಈ ಸಲ ನಮ್ಮ ಕಡೆ ಅಶ್ವಗಂಧ, ಅಂದ್ರೆ ಹಿರಿಯರು ಹೇಳ್ತಿದ್ದ ಹಿರೇಮದ್ದಿನ ಗಿಡ, ಹಾಕ್ತೀನಿ ಅನ್ನೋರು ಜಾಸ್ತಿ ಆಗಿದಾರೆ. ಹಾಕ್ರಿ. ಕೆಂಪು ಮಸಾರಿ ನೆಲಕ್ಕೆ, ಕಮ್ಮಿ ಮಳೆಗೆ ಒಗ್ಗೋ ಬೆಳೆ. ನನ್ನ ತಕರಾರು ಬೀಜದ ಜೊತೆ ಬರ್ತಿರೋ ಕಿಟ್ ಬಗ್ಗೆ. ಬೇರು ಕೊಳ್ಳೋ ಏಜೆಂಟರು ಬೀಜದ ಜೊತೆ ನಾಲ್ಕು ಬಾಟ್ಲಿ ಬ್ಯಾಕ್ಟೀರಿಯಾ ಸೇರಿಸಿ ಒಂದೇ ರೇಟು ಹೇಳ್ತಿದಾರೆ. ಬಾಟ್ಲಿ ಬೇಡ ಅಂದ್ರೆ ಬೇರು ಕೊಳ್ಳಲ್ವಂತೆ. ಮೇಲೆ ಇನ್ನೊಂದು ಮಾತು: "ಇದನ್ನ ಹಾಕಿದ್ರೆ ಮಳೆ ಬರದಿದ್ರೂ ಚಿಂತೆ ಇಲ್ಲ."

ಬ್ಯಾಕ್ಟೀರಿಯಾ ಸುಳ್ಳಲ್ಲ. ಕಟ್ಟೆ ಮೇಲೆ ಕೂತು "ಎಲ್ಲಾ ಬೋಗಸ್" ಅನ್ನೋರ ಜೊತೆಗೂ ನನ್ನ ಜಗಳ ಇದೆ. ನೆಲ ಒಣಗಿದಾಗ ಗಿಡ ತನ್ನೊಳಗೆ ಎಥಿಲೀನ್ ಅನ್ನೋ ಅನಿಲ ಜಾಸ್ತಿ ಹುಟ್ಟಿಸ್ತದೆ, ಬಾಳೆಕಾಯಿ ಹಣ್ಣಾಗಿಸೋದೂ ಅದೇ. ಅದು ಹೆಚ್ಚಾದ್ರೆ ಬೇರಿನ ಬೆಳವಣಿಗೆ ಕುಂಠಿತ ಆಗ್ತದೆ, ಎಲೆ ಹಳದಿಯಾಗಿ ಉದುರ್ತವೆ. ಬೇರಿನ ಸುತ್ತ ಇರೋ ಕೆಲವು ಬ್ಯಾಕ್ಟೀರಿಯಾ ಆ ಅನಿಲದ ಕಚ್ಚಾ ಪದಾರ್ಥವನ್ನೇ ತಿಂದುಹಾಕ್ತವೆ. ಇನ್ನು ಕೆಲವು ಅಂಟು ಬಿಟ್ಟು, ಬೇರಿಗೆ ಮಣ್ಣು ಹಿಡಿಸಿ ಪಸೆ ಉಳಿಸ್ತವೆ. ಬೇರನ್ನೇ ಮಾರೋ ಬೆಳೆಗೆ ಇದು ಸಣ್ಣ ಮಾತಲ್ಲ. ಆದ್ರೆ ಇರೋ ಪಸೆ ನಾಲ್ಕು ದಿನ ಹೆಚ್ಚು ಬರೋ ಹಾಗೆ ಮಾಡಬಹುದು ಅಷ್ಟೇ, ಇಲ್ಲದ ನೀರನ್ನ ಅವು ಎಲ್ಲಿಂದ ತರ್ತವೆ?

ಇದು ಜೀವ ಇರೋ ಮಾಲು, ಯೂರಿಯಾ ಚೀಲ ಅಲ್ಲ. ಬ್ಯಾಸಿಲಸ್ ಜಾತಿಯದ್ದು ಬೀಜದ ಹಾಗೆ ಗಟ್ಟಿ ಕವಚ ಕಟ್ಟಿಕೊಂಡು ಬಿಸಿ ತಡೀತದೆ. ಸ್ಯೂಡೋಮೊನಾಸ್‌ಗೆ ಆ ಗುಣ ಇಲ್ಲ, ಬಿಸಿಲಲ್ಲಿ ನಿಂತ ಗಾಡೀಲಿ ಬೆಂದುಹೋಗ್ತದೆ. ಅದಕ್ಕೇ ಬಾಟ್ಲಿ ಮೇಲೆ ಹೆಸರು ಬೇಕು. ಜೈವಿಕ ಗೊಬ್ಬರಗಳನ್ನ 2006ರಲ್ಲೇ ರಸಗೊಬ್ಬರ ನಿಯಂತ್ರಣ ಆದೇಶದೊಳಗೆ ತಂದಿದಾರೆ. ಅಜೋಸ್ಪಿರಿಲಂ ಆದ್ರೆ ಪುಡಿಯಲ್ಲಿ ಗ್ರಾಂಗೆ ಕನಿಷ್ಠ 5 ಕೋಟಿ, ದ್ರವದಲ್ಲಿ ಮಿಲಿಗೆ 10 ಕೋಟಿ ಜೀವಂತ ಬ್ಯಾಕ್ಟೀರಿಯಾ ಇರಬೇಕು. ಈ ಕಿಟ್ಟಿನ ಬಾಟ್ಲಿ ನಾನು ತಿರುಗಿಸಿ ಮುರುಗಿಸಿ ನೋಡಿದೆ. ಯಾವ ಬ್ಯಾಕ್ಟೀರಿಯಾ ಅಂತಿಲ್ಲ, ಎಷ್ಟು ಅಂತಿಲ್ಲ, ಬ್ಯಾಚ್ ನಂಬರಿಲ್ಲ, ತಾರೀಖಿಲ್ಲ. "ಬರ ನಿರೋಧಕ" ಅಂತ ದಪ್ಪಕ್ಷರ, ಒಂದು ಹಸಿರು ಎಲೆ.

ಏಜೆಂಟರು ಮೊಬೈಲಲ್ಲಿ ತೋರಿಸೋ ಫೋಟೋ ಎಲ್ಲಾ ಕುಂಡದ ಗಿಡದ್ದು. ಕುಂಡದಲ್ಲಿ ಮಣ್ಣನ್ನ ಬೇಯಿಸಿ ಹಾಕಿದ್ರೆ ಹೊಸ ಬ್ಯಾಕ್ಟೀರಿಯಾಗೆ ಎದುರಾಳೀನೇ ಇರಲ್ಲ. ನಮ್ಮ ಹೊಲದಲ್ಲಿ ಹಳೇ ಒಕ್ಕಲು ಕೋಟಿಗಟ್ಟಲೆ ಕೂತಿರ್ತವೆ, ಹೊಸದಾಗಿ ಬಂದವಕ್ಕೆ ತಿನ್ನಾಕೆ ಸಿಕ್ಕಬೇಕಲ್ಲ? ಕೊಟ್ಟಿಗೆ ಗೊಬ್ಬರ ಕಾಣದ ನೆಲಕ್ಕೆ ಬಾಟ್ಲಿ ಸುರಿಯೋದು ಅಂದ್ರೆ ನೆಂಟರನ್ನ ಕರೆದು ಒಲೆ ಹಚ್ಚದೇ ಇದ್ದಂಗೆ.

ಹಾಕೋದೇ ಆದ್ರೆ ಹೆಸರು, ತಾರೀಖು ಇರೋದನ್ನ ನೀವೇ ತಗೊಳ್ರಿ. ನಾನು ಎಕರೆಗೆ 2 ಕೆಜಿ ಪುಡಿಯನ್ನ ಒಂದು ಕ್ವಿಂಟಲ್ ಚೆನ್ನಾಗಿ ಕಳಿತ ಗೊಬ್ಬರಕ್ಕೆ ಕಲಸಿ, ನೀರು ಚಿಮುಕಿಸಿ, ನೆರಳಲ್ಲಿ ಒಂದು ವಾರ ಗೋಣಿ ಮುಚ್ಚಿಟ್ಟು, ನೆಲ ಹಸಿ ಇದ್ದಾಗ ಸಂಜೆ ಹೊತ್ತು ಎರಚ್ತೀನಿ. ಕಾಪರ್ ಆಕ್ಸಿಕ್ಲೋರೈಡ್, ಸ್ಟ್ರೆಪ್ಟೋಸೈಕ್ಲಿನ್ ಜೊತೆ ಒಂದೇ ಡ್ರಮ್ಮಿಗೆ ಹಾಕೋರೂ ಇದಾರೆ. ಅವು ಇರೋದೇ ಬ್ಯಾಕ್ಟೀರಿಯಾ ಕೊಲ್ಲೋಕೆ. ನೀರು ನಿಲ್ಲೋ ಎರೆ ನೆಲದಲ್ಲಂತೂ ಬೇರು ಕೊಳೆತ್ರೆ ಮೊದ್ಲು ಬಸಿಗಾಲುವೆ ತೆಗೀರಿ.

ಮತ್ತೆ ನಾಲ್ಕು ಸಾಲು ಏನೂ ಹಾಕದೇ ಬಿಡ್ರಿ. ಕೀಳೋ ಹೊತ್ತಿಗೆ ಎರಡೂ ಕಡೆಯಿಂದ ಇಪ್ಪತ್ತಿಪ್ಪತ್ತು ಗಿಡ ಕಿತ್ತು, ಬೇರು ಒಣಗಿಸಿ ತೂಗ್ರಿ. ಅಂಗಡಿಯವನ ಮಾತೂ ಬೇಡ, ನನ್ನ ಮಾತೂ ಬೇಡ. ಬಾಟ್ಲಿ ಮಾರೋರು ಈ ನಾಲ್ಕು ಸಾಲಿನ ಮಾತೆತ್ತಿದ್ದನ್ನ ನಾನಂತೂ ಕೇಳಿಲ್ಲ.

ನಾಡಿದ್ದು ಅರಳಿಕಟ್ಟೆ ಹತ್ರ ಸಹಿ ಮಾಡಿಸೋಕೆ ಬರ್ತಾರಂತೆ. ಬಾಟ್ಲಿ ಬೇರೆ, ಬೇರಿನ ಕರಾರು ಬೇರೆ ಅಂತ ಎಲ್ಲರೂ ಒಟ್ಟಿಗೆ ಕೇಳೋಣ. ಪತ್ರ ಪೂರ್ತಿ ಓದ್ರಿ ಅಣ್ಣಾ. ನಾನು ನೋಡಿದ ಪ್ರತೀಲಿ ಕಿಟ್ಟಿನ ದರ ಅಚ್ಚಾಗಿತ್ತು, ಬೇರಿನ ದರದ ಜಾಗ ಖಾಲಿ ಇತ್ತು.