ಲೆಕ್ಕ ಹಾಕುವವರು ಮತ್ತು ಲೆಕ್ಕಕ್ಕೆ ಬಾರದವರು

ಗಡಿನಾಡಿನ ಕನ್ನಡಿಗರಾದ ನಮಗೆ ಲೆಕ್ಕ ಎಂಬುದು ಹೊಸ ವಿಷಯವಲ್ಲ. ಶಾಲೆಯಲ್ಲಿ 40 ಮಕ್ಕಳಿದ್ದಾರೆಯೇ, ತರಗತಿಯಲ್ಲಿ 10 ಮಂದಿ ಇದ್ದಾರೆಯೇ ಎಂದು 1949ರ ವಿದ್ಯಾಮಂತ್ರಿಗಳ ಸಮ್ಮೇಳನ ಗೊತ್ತುಪಡಿಸಿದ ಅಂಕಿಯನ್ನು ಹಿಡಿದುಕೊಂಡೇ ನಮ್ಮ ತಲೆಮಾರುಗಳು ಅಧಿಕಾರಿಗಳ ಬಾಗಿಲು ಕಾದಿವೆ. ಒಂಬತ್ತು ಮಕ್ಕಳಿದ್ದರೆ ಆ ಒಂಬತ್ತು ಮಂದಿಯ ಭಾಷೆ ಕಡತದಲ್ಲಿ ಇಲ್ಲವೇ ಇಲ್ಲ! ಆದುದರಿಂದ ಯಾರಾದರೂ ದೊಡ್ಡ ಸಂಖ್ಯೆಯೊಂದನ್ನು ಹಿಡಿದುಕೊಂಡು ಬಂದರೆ, ಎಣಿಸಿದವರು ಯಾರು, ಏನನ್ನು ಎಣಿಸಿದರು, ಏನನ್ನು ಬಿಟ್ಟರು ಎಂದು ಕೇಳುವ ಅಭ್ಯಾಸ ನಮಗೆ ತಾನಾಗಿಯೇ ಬಂದಿದೆ. ಈ ಅಭ್ಯಾಸವನ್ನು ಶಾಲೆಯ ಆವರಣದ ಹೊರಗೂ ಬಳಸಬೇಕಾದ ಕಾಲ ಬಂದಿದೆ ಎಂಬುದೇ ಈ ಲೇಖನದ ವಾದ. ನಮ್ಮ ಹೊಲ, ನಮ್ಮ ಗುಡ್ಡ, ನಮ್ಮ ಮಕ್ಕಳ ಉದ್ಯೋಗ ಇವುಗಳ ಬಗ್ಗೆ ಇಂದು ಮಾತು ನಡೆಯುವುದು ವಿಧಾನಸಭೆಯಲ್ಲಿ ಕಡಿಮೆ, ಸಲಹಾ ಕಂಪೆನಿಗಳ ವರದಿಗಳಲ್ಲಿ ಹೆಚ್ಚು. ಉತ್ಪಾದಕತೆ, ಪ್ರತಿಭೆ, ಹಸಿರು ಉದ್ಯಮ ಎಂಬ ಮೂರು ಮಂತ್ರಗಳು ಹುಟ್ಟುವುದು ಅಲ್ಲಿಯೇ.

ಆಂಧ್ರದ ಓದುಗರಿಗೆ ಜ್ಞಾಪಕ ಇರಬಹುದು. 1999ರ ಜನವರಿಯಲ್ಲಿ ಚಂದ್ರಬಾಬು ನಾಯ್ಡು ಅವರ ಸರಕಾರ 'ವಿಷನ್ 2020' ಎಂಬ ಗ್ರಂಥವನ್ನು ಹೊರತಂದಿತು. ಅದನ್ನು ತಯಾರಿಸಲು ನೆರವಾದದ್ದು ಅಮೆರಿಕದ ಮೆಕಿನ್ಸಿ ಎಂಬ ಸಲಹಾ ಸಂಸ್ಥೆ. ಅಂದು ರಾಯದುರ್ಗ, ಮಡಕಶಿರಾ, ಆದವಾನಿಗಳೂ, ಬೀದರಿಗೆ ಹತ್ತಿಕೊಂಡಿರುವ ಜಹೀರಾಬಾದೂ ಅದೇ ಒಂದು ರಾಜ್ಯದಲ್ಲಿದ್ದವು. ಇಪ್ಪತ್ತು ವರ್ಷಗಳಲ್ಲಿ ರಾಜ್ಯ ಹೇಗಿರಬೇಕು ಎಂದು ಬರೆದ ಆ ಗ್ರಂಥದ ಒಂದು ಮುಖ್ಯ ಆಶಯ, ನೆಲವನ್ನು ನಂಬಿ ಬದುಕುವವರ ಪ್ರಮಾಣವನ್ನು ನೂರಕ್ಕೆ 70ರಿಂದ ನೂರಕ್ಕೆ 40ರ ಹತ್ತಿರಕ್ಕೆ ಇಳಿಸುವುದು. ಯಂತ್ರ ಬರಬೇಕು, ಗುತ್ತಿಗೆ ಬೇಸಾಯ ಬರಬೇಕು, ತುಂಡು ಹೊಲಗಳು ಒಟ್ಟುಗೂಡಬೇಕು. ಉಳಿದ ಜನ ಕಾರ್ಖಾನೆಗೆ, ನಗರಕ್ಕೆ ಹೋಗಬೇಕು. 70 ಕಳೆ 40, ಶೇಷ 30. ಕಾಗದದ ಮೇಲೆ ಎರಡನೆಯ ತರಗತಿಯ ವ್ಯವಕಲನ. ನೆಲದ ಮೇಲೆ ಅದು ಎರಡು ಕೋಟಿಗೂ ಮಿಕ್ಕಿದ ಜನರ ಎತ್ತಂಗಡಿ.

ಆ ಜನರನ್ನು ಯಾರಾದರೂ ಕೇಳಿದರೇ? ಒಂದು ಸಲ ಕೇಳಿದರು. ಸರಕಾರವಲ್ಲ, ಮೆಕಿನ್ಸಿಯೂ ಅಲ್ಲ. 2001ರ ಜೂನ್ ಕೊನೆಯ ವಾರದಲ್ಲಿ ಅಂದಿನ ಮೇದಕ್ ಜಿಲ್ಲೆಯ, ಜಹೀರಾಬಾದ್ ಸೀಮೆಯ ಆಲ್ಗೋಲ್ ಗ್ರಾಮದಲ್ಲಿ 'ಪ್ರಜಾತೀರ್ಪು' ಎಂಬ ನ್ಯಾಯಮಂಡಳಿ ಕೂಡಿತು. ಸಣ್ಣ ರೈತರು, ಅತಿಸಣ್ಣ ರೈತರು, ಅವರಲ್ಲಿ ಬಹುಪಾಲು ಹೆಂಗಸರು, ನ್ಯಾಯದರ್ಶಿಗಳಾಗಿ ಕುಳಿತರು. ಅಧಿಕಾರಿಗಳು, ವಿಜ್ಞಾನಿಗಳು, ಕಂಪೆನಿಯವರು ಸಾಕ್ಷಿಗಳಾಗಿ ಎದುರು ನಿಂತರು. ನಡಾವಳಿ ನ್ಯಾಯವಾಗಿದೆಯೇ ಎಂದು ನೋಡಲು ಸುಪ್ರೀಂ ಕೋರ್ಟಿನ ನಿವೃತ್ತ ನ್ಯಾಯಾಧೀಶರಾದ ಪಿ. ಬಿ. ಸಾವಂತರು ಇದ್ದರು. ದಿನಗಟ್ಟಲೆ ಕೇಳಿ, ಪ್ರಶ್ನಿಸಿ ಆ ಹೆಂಗಸರು ಕೊಟ್ಟ ತೀರ್ಪು ಸ್ಪಷ್ಟವಾಗಿತ್ತು. ನೆಲದ ಜನರನ್ನು 70ರಿಂದ 40ಕ್ಕೆ ಇಳಿಸುವುದು ಬೇಡ, ಹೊಲಗಳ ಕೂಡಿಕೆ ಬೇಡ, ಗುತ್ತಿಗೆ ಬೇಸಾಯ ಬೇಡ, ಕೂಲಿ ಕಸಿಯುವ ಯಂತ್ರ ಬೇಡ, ಕುಲಾಂತರಿ ಬೀಜ ಬೇಡ; ನಮ್ಮ ಊಟ ನಮ್ಮ ಕೈಯಲ್ಲಿರಲಿ. ಈ ವರದಿ 2002ರಲ್ಲಿ ಅಚ್ಚಾದಾಗ, ಆಂಧ್ರ ಸರಕಾರಕ್ಕೆ ಹಣ ಕೊಡುತ್ತಿದ್ದ ಬ್ರಿಟನ್ನಿನ ನೆರವಿನ ಇಲಾಖೆಯವರು ಇದು ಪಕ್ಷಪಾತದ ಕೆಲಸ ಎಂದು ಆಕ್ಷೇಪಿಸಿದರು. ಮೆಕಿನ್ಸಿಯ ಗ್ರಂಥಕ್ಕೆ ಕೇಳದ ಪ್ರಶ್ನೆಯನ್ನು ಆಲ್ಗೋಲಿನ ಹೆಂಗಸರ ತೀರ್ಪಿಗೆ ಕೇಳಿದರು. ಇದೇ ನೋಡಿ ವ್ಯತ್ಯಾಸ. ಸೂಟು ಹಾಕಿದವನ ಅಭಿಪ್ರಾಯಕ್ಕೆ ಸಂಶೋಧನೆ ಎಂದು ಹೆಸರು. ಸೀರೆ ಉಟ್ಟವಳ ಸಂಶೋಧನೆಗೆ ಅಭಿಪ್ರಾಯ ಎಂದು ಹೆಸರು.

2004ರ ಚುನಾವಣೆಯಲ್ಲಿ ತೆಲುಗುದೇಶಂ ಪಕ್ಷ 294ರಲ್ಲಿ 47 ಸ್ಥಾನಗಳಿಗೆ ಕುಸಿಯಿತು. ಬರ, ಸಾಲ, ವಿದ್ಯುತ್ ದರ, ಹೀಗೆ ಕಾರಣಗಳು ಹಲವು; ಒಂದು ಗ್ರಂಥದಿಂದಲೇ ಸರಕಾರ ಬಿತ್ತು ಎಂದರೆ ಗ್ರಂಥಕ್ಕೆ ಅತಿ ಗೌರವ ಕೊಟ್ಟಂತಾದೀತು. ಆದರೆ ಗಡುವಿನ ವರ್ಷವಾದ 2020ರಲ್ಲಿಯೇ ಏನು ನಡೆಯಿತು? ಕೊರೋನಾ ಬಂದು ನಗರಗಳ ಬಾಗಿಲು ಮುಚ್ಚಿತು. ಹೋದವರೆಲ್ಲ ನಡೆದುಕೊಂಡು ಊರಿಗೆ ಬಂದರು. ಕೇಂದ್ರ ಸರಕಾರದ್ದೇ ಕಾರ್ಮಿಕ ಸಮೀಕ್ಷೆಯ ಪ್ರಕಾರ, ದೇಶದ ದುಡಿಯುವ ಜನರಲ್ಲಿ ಬೇಸಾಯದಲ್ಲಿದ್ದವರು 2018-19ರಲ್ಲಿ ನೂರಕ್ಕೆ 42.5, 2020-21ರಲ್ಲಿ 46.5. ಅಂದರೆ ಪಾಲು ಇಳಿಯಲಿಲ್ಲ, ಏರಿತು. 2023-24ರಲ್ಲೂ ಅದು 46.1. ಯಾವ ನೆಲವನ್ನು ಹಿಂದುಳಿದ ವೃತ್ತಿ ಎಂದು ವರದಿಗಳು ತೆಗೆದುಹಾಕಿದ್ದವೋ ಆ ನೆಲವೇ ಆ ವರ್ಷ ಅವರಿಗೆ ಅನ್ನ ಹಾಕಿತು. ಈ ಸೇವೆಗೆ ಯಾವ ವರದಿಯಲ್ಲಿ ಬೆಲೆ ಕಟ್ಟಿದ್ದಾರೆ?

ಈಗ ಉತ್ಪಾದಕತೆ ಎಂಬ ಶಬ್ದವನ್ನೇ ಸ್ವಲ್ಪ ಬಿಡಿಸಿ ನೋಡೋಣ. 2001ರಲ್ಲಿ ಮೆಕಿನ್ಸಿಯ ಸಂಶೋಧನಾ ವಿಭಾಗ ಭಾರತದ 13 ಉದ್ಯಮಗಳನ್ನು ಅಭ್ಯಸಿಸಿ ಇನ್ನೊಂದು ವರದಿ ಕೊಟ್ಟಿತು. ಹೈನುಗಾರಿಕೆ, ಗೋಧಿ ಬೇಸಾಯ, ಅಂಗಡಿ ವ್ಯಾಪಾರ, ಉಕ್ಕು, ಸಾಫ್ಟ್‌ವೇರ್ ಎಲ್ಲವೂ ಅದರಲ್ಲಿದ್ದವು. ಆಧುನಿಕ ಉದ್ಯಮಗಳಲ್ಲೂ ನಮ್ಮ ಕೆಲಸಗಾರನ ಉತ್ಪಾದಕತೆ ಅಮೆರಿಕದವನ ನೂರಕ್ಕೆ 15 ಮಾತ್ರ, ನಿರ್ಬಂಧಗಳನ್ನು ಕಿತ್ತೊಗೆದರೆ ವರ್ಷಕ್ಕೆ ನೂರಕ್ಕೆ 10ರಂತೆ ಬೆಳೆಯಬಹುದು ಎಂದು ಅದರ ಸಾರ. ಲೆಕ್ಕದ ಕ್ರಮ ಸರಳ: ಒಂದು ಗಂಟೆಯ ದುಡಿಮೆಯಿಂದ ಎಷ್ಟು ಹಣದ ಮೌಲ್ಯ ಹುಟ್ಟಿತು? ಜತ್ತದ ಒಬ್ಬ ತಾಯಿ ಒಂದು ಎಮ್ಮೆ ಸಾಕಿದ್ದಾಳೆ ಎನ್ನೋಣ. ದಿನಕ್ಕೆ ಮೂರು ಗಂಟೆ ದುಡಿದು ನಾಲ್ಕು ಲೀಟರು ಹಾಲು ಡೇರಿಗೆ ಹಾಕುತ್ತಾಳೆ. ಯಂತ್ರದಿಂದ ಕರೆಯುವ ದೊಡ್ಡ ಕೊಟ್ಟಿಗೆಯವನ ಮುಂದೆ ಅವಳ ಗಂಟೆ ಬೆಲೆ ಇಲ್ಲದ್ದು. ಆದರೆ ಎಮ್ಮೆ ತಿಂದದ್ದು ಜೋಳದ ಕಣಿಕೆ, ಕೊಂಡು ತಂದದ್ದಲ್ಲ. ಸಗಣಿ ಹೊಲಕ್ಕೆ ಹೋಯಿತು, ಬೆರಣಿ ಒಲೆಗೆ ಹೋಯಿತು, ಒಂದು ಲೋಟ ಹಾಲು ಮೊಮ್ಮಗನ ಹೊಟ್ಟೆಗೆ ಹೋಯಿತು, ಬರ ಬಂದ ವರ್ಷ ಎಮ್ಮೆಯೇ ಬ್ಯಾಂಕು. ಮಾರದೆ ಇದ್ದದ್ದು, ಕೊಳ್ಳದೆ ಉಳಿದದ್ದು ಇಂತಹ ಲೆಕ್ಕದಲ್ಲಿ ಸರಿಯಾಗಿ ಕೂರುವುದಿಲ್ಲ. ಗಂಟೆಯೊಂದೇ ಕೂರುತ್ತದೆ.

ಉತ್ಪಾದಕತೆ ಎಂಬುದೇ ಸುಳ್ಳು ಎಂದು ನಾವು ಹೇಳಹೊರಟಿಲ್ಲ. ಮಳೆ ವರ್ಷಕ್ಕೆ 550 ಮಿಲ್ಲಿಮೀಟರಿನ ಸುಮಾರಿಗೆ ನಿಲ್ಲುವ ಅನಂತಪುರ ಸೀಮೆಯಲ್ಲಿ ನೆಲಗಡಲೆಯೊಂದನ್ನೇ ನಂಬಿ ಸಾಲದಲ್ಲಿ ಮುಳುಗಿದ ರೈತನಿಗೆ 'ಹೀಗೆಯೇ ಇರು' ಎಂದು ಬುದ್ಧಿ ಹೇಳುವುದು ಕ್ರೌರ್ಯ. ಅವನ ಮಗ ಹಿಂದೂಪುರಕ್ಕೋ ಬೆಂಗಳೂರಿಗೋ ಹೋಗುವುದನ್ನು ತಪ್ಪೆನ್ನುವವರು ಯಾರು? ಹೋಗಲಿ, ತನ್ನ ಇಷ್ಟದಿಂದ ಹೋಗಲಿ. ಹೋದಲ್ಲಿ ಕೆಲಸ ಇರಲಿ. ಆದರೆ 2004-05ರಿಂದ 2009-10ರವರೆಗೆ ದೇಶ ಭರದಿಂದ ಬೆಳೆದಾಗಲೂ ಒಟ್ಟು ಉದ್ಯೋಗ ಹೆಚ್ಚುಕಡಿಮೆ ಇದ್ದಲ್ಲಿಯೇ ಇತ್ತು ಎಂದು ರಾಷ್ಟ್ರೀಯ ಮಾದರಿ ಸಮೀಕ್ಷೆಯೇ ತೋರಿಸಿತು. ಬೆಳವಣಿಗೆ ಬಂದರೆ ಕೆಲಸ ಹಿಂಬಾಲಿಸುತ್ತದೆ ಎಂಬ ವಾಗ್ದಾನದ ಕಥೆ ಇದು.

ಇನ್ನು ಪ್ರತಿಭೆ. ಇದು ನೇರವಾಗಿ ನಮ್ಮ ಶಾಲೆಗಳ ಎದೆಗೆ ಬಂದು ತಾಗುವ ವಿಷಯ. 2005ರಲ್ಲಿ ನಾಸ್ಕಾಂ ಮತ್ತು ಮೆಕಿನ್ಸಿ ಸೇರಿ ಹೊರಡಿಸಿದ ವರದಿ ಹೇಳಿತು: ತಾಂತ್ರಿಕ ಪದವೀಧರರಲ್ಲಿ ನೂರಕ್ಕೆ ಸುಮಾರು 25, ಸಾಮಾನ್ಯ ಪದವೀಧರರಲ್ಲಿ ನೂರಕ್ಕೆ 10ರಿಂದ 15 ಮಂದಿ ಮಾತ್ರ ಯೋಗ್ಯರು. ಯಾವುದಕ್ಕೆ ಯೋಗ್ಯರು? ವಿದೇಶಿ ಗಿರಾಕಿಗಳಿಗಾಗಿ ಇಲ್ಲಿ ಕುಳಿತು ನಡೆಸುವ ಸಾಫ್ಟ್‌ವೇರ್ ಮತ್ತು ಕಾಲ್ ಸೆಂಟರ್ ಕೆಲಸಕ್ಕೆ. ಅದೇ ವರ್ಷ ಮೆಕಿನ್ಸಿಯ ಸಂಶೋಧನಾ ವಿಭಾಗ ಬಹುರಾಷ್ಟ್ರೀಯ ಕಂಪೆನಿಗಳ ನೇಮಕಾತಿ ಅಧಿಕಾರಿಗಳನ್ನು ಕೇಳಿ ಇಂತಹುದೇ ಅಂಕಿಗಳನ್ನು ಕೊಟ್ಟಿತು. ಅಲ್ಲಿ ಹೇಳಿದ ಕಾರಣಗಳಲ್ಲಿ ಭಾಷೆಯೂ ಒಂದು. ಅಂದರೆ ಕೇಳಿದ್ದು 'ನಿಮ್ಮ ಕಂಪೆನಿಗೆ ಹೊಂದುವವರು ಎಷ್ಟು ಮಂದಿ' ಎಂದು. ಉತ್ತರ ಪತ್ರಿಕೆಗಳಿಗೆ ತಲುಪುವಾಗ 'ನಮ್ಮ ಇಂಜಿನಿಯರರಲ್ಲಿ ನೂರಕ್ಕೆ 75 ಮಂದಿ ಕೆಲಸಕ್ಕೆ ಬಾರದವರು' ಎಂದಾಯಿತು. ಅಲ್ಲಿಂದ ಊರಿನ ಜಗಲಿಗೆ ಬರುವಾಗ 'ಒಂದನೆಯ ತರಗತಿಯಿಂದಲೇ ಇಂಗ್ಲಿಷು ಹಾಕದಿದ್ದರೆ ಮಗು ಹಾಳು' ಎಂದಾಯಿತು. ಟೋಪಿ ಹೊಲಿಯುವವನು ತನ್ನ ಟೋಪಿಗೆ ಹೊಂದದ ತಲೆಗಳನ್ನೆಲ್ಲ ಕೆಟ್ಟ ತಲೆ ಎಂದರೆ ನಾವು ಒಪ್ಪುತ್ತೇವೆಯೇ?

ಪ್ರತಿಭೆಯನ್ನು ಗುರುತಿಸುವುದರಲ್ಲಿ ಈ ಗುರುಗಳ ಯೋಗ್ಯತೆ ಎಷ್ಟು ಎಂಬುದನ್ನೂ ನೋಡಬೇಕು. 1997ರಲ್ಲಿ 'ಪ್ರತಿಭೆಗಾಗಿ ಯುದ್ಧ' ಎಂಬ ಘೋಷಣೆ ಹೊರಡಿಸಿದವರು ಇವರೇ. 2001ರಲ್ಲಿ ಅದೇ ಹೆಸರಿನ ಪುಸ್ತಕವೂ ಬಂತು. ಪ್ರತಿಭಾವಂತರಿಗೆ ಕಡಿವಾಣ ಹಾಕಬೇಡಿ ಎಂಬ ಆ ಪಾಠಕ್ಕೆ ಮಾದರಿಯಾಗಿ ತೋರಿಸಿದ ಕಂಪೆನಿಗಳಲ್ಲಿ ಎನ್ರಾನ್ ಒಂದು; ಅದರ ಮುಖ್ಯಸ್ಥ ಜೆಫ್ರಿ ಸ್ಕಿಲ್ಲಿಂಗ್ ಮೆಕಿನ್ಸಿಯಿಂದಲೇ ಹೋದವರು. 2001ರ ಡಿಸೆಂಬರಿನಲ್ಲಿ ಎನ್ರಾನ್ ದಿವಾಳಿ ಎದ್ದಿತು. ಸೊಲ್ಲಾಪುರ, ಅಕ್ಕಲಕೋಟೆ, ಜತ್ತದ ಓದುಗರಿಗೆ ಎನ್ರಾನ್ ಎಂದರೆ ಯಾರೆಂದು ಬೇರೆ ಹೇಳಬೇಕಾಗಿಲ್ಲ. ದಾಭೋಳದ ವಿದ್ಯುತ್ತಿನ ದುಬಾರಿ ಬೆಲೆ ತಾಳಲಾರದೆ ಮಹಾರಾಷ್ಟ್ರದ ವಿದ್ಯುತ್ ಮಂಡಳಿ 2001ರ ಮೇ ತಿಂಗಳಲ್ಲಿ ಖರೀದಿಯನ್ನೇ ನಿಲ್ಲಿಸಿತ್ತು.

ಆಂಧ್ರದಲ್ಲಿ 2019ರ ನವೆಂಬರಿನಲ್ಲಿ ಸರಕಾರಿ ಶಾಲೆಗಳನ್ನೆಲ್ಲ ಇಂಗ್ಲಿಷ್ ಮಾಧ್ಯಮಕ್ಕೆ ತಿರುಗಿಸುವ ಆದೇಶ ಹೊರಟಿತು. 2020ರ ಏಪ್ರಿಲಿನಲ್ಲಿ ಉಚ್ಚ ನ್ಯಾಯಾಲಯ ಅದನ್ನು ರದ್ದುಪಡಿಸಿತು. ವರದಿಯಿಂದ ಆದೇಶಕ್ಕೆ ನೇರವಾದ ದಾರಿ ಇದೆ ಎಂದು ನಾನು ವಾದಿಸುವುದಿಲ್ಲ. ಆದರೆ ಎರಡನ್ನೂ ಹೊತ್ತು ತಂದ ಗಾಳಿ ಒಂದೇ. ಸಂವಿಧಾನದ 350ಎ ವಿಧಿ ಮಾತೃಭಾಷೆಯಲ್ಲಿ ಪ್ರಾಥಮಿಕ ಶಿಕ್ಷಣದ ಅನುಕೂಲ ಒದಗಿಸಬೇಕೆಂದಾಗ ಕಾಲ್ ಸೆಂಟರಿನ ನೇಮಕಾತಿಯನ್ನು ಮನಸ್ಸಿನಲ್ಲಿ ಇಟ್ಟುಕೊಂಡಿರಲಿಲ್ಲ. ಇಂಗ್ಲಿಷು ಕಲಿಯಲಿ, ಚೆನ್ನಾಗಿಯೇ ಕಲಿಯಲಿ. ಕನ್ನಡದಲ್ಲಿ ಯೋಚಿಸಲು ಕಲಿತ ಮಗು ಇಂಗ್ಲಿಷನ್ನು ಕಲಿಯಲಾರದು ಎಂಬ ಅಂಕಿ ಮಾತ್ರ ಆ ವರದಿಯಲ್ಲಿ ಇಲ್ಲ. ಹುಡುಕಿ ನೋಡಿ.

ಹಸಿರಿನ ಲೆಕ್ಕ ಇನ್ನೂ ಸೊಗಸಾಗಿದೆ. 2007ರಿಂದ ಮೆಕಿನ್ಸಿ ಒಂದು ನಕ್ಷೆಯನ್ನು ಜನಪ್ರಿಯಗೊಳಿಸಿತು. ಇಂಗಾಲದ ಹೊಗೆಯನ್ನು ಒಂದು ಟನ್ನು ಕಡಿಮೆ ಮಾಡಲು ಯಾವ ಉಪಾಯಕ್ಕೆ ಎಷ್ಟು ಖರ್ಚು ಎಂದು ಕಂಬಗಳನ್ನು ಅಗ್ಗದಿಂದ ದುಬಾರಿಗೆ ಸಾಲಾಗಿ ನಿಲ್ಲಿಸಿದ ನಕ್ಷೆ. ಇದನ್ನು ಗಯಾನಾ, ಕಾಂಗೋ ಮುಂತಾದ ಕಾಡುಗಳ ದೇಶಗಳಿಗೆ ಅನ್ವಯಿಸಿದಾಗ ಅಗ್ಗದ ತುದಿಗೆ ಬಂದು ನಿಂತವನು ಯಾರು? ಹೊಟ್ಟೆಪಾಡಿಗೆ ಕಾಡಿನಲ್ಲಿ ಬೆಳೆ ತೆಗೆಯುವ ಬಡವ. ಏಕೆಂದರೆ ಅವನ ಬದುಕಿಗೆ ಹಣದ ಬೆಲೆ ಕಡಿಮೆ. ಅವನನ್ನು ನಿಲ್ಲಿಸಿದರೆ ಕೊಡಬೇಕಾದ ಪರಿಹಾರವೂ ಕಡಿಮೆ. ಮರ ಸಾಗಿಸುವ ಕಂಪೆನಿಯನ್ನು ತಡೆಯುವುದು ದುಬಾರಿ! ಈ ದೋಷವನ್ನು ಗ್ರೀನ್‌ಪೀಸ್ 2011ರಲ್ಲಿ ಎತ್ತಿ ತೋರಿಸಿತು.

ಇದು ದೂರದ ಮಾತೆಂದು ತಿಳಿಯಬೇಡಿ. ಮಡಕಶಿರಾದಿಂದ ಬಹಳ ದೂರವಲ್ಲದ ರೊದ್ದಂ ಸೀಮೆಯಲ್ಲಿ ಕಲ್ಪವಲ್ಲಿ ಎಂಬ ಗುಡ್ಡಸಾಲು ಇದೆ. ಸುತ್ತಲ ಹಳ್ಳಿಗಳವರು 1990ರ ದಶಕದಿಂದ ಬೆಂಕಿ ಆರಿಸಿ, ಮೇವು ಕಾದು, ಬೋಳು ಗುಡ್ಡವನ್ನು ಕಾಡಾಗಿ ಎಬ್ಬಿಸಿದರು. ಕಂದಾಯ ದಾಖಲೆಯಲ್ಲಿ ಮಾತ್ರ ಅದು 'ಬಂಜರು'. ಗಾಳಿಯಂತ್ರದ ಕಂಪೆನಿಗಳು ಬಂದಾಗ ಆ ಒಂದು ಶಬ್ದವೇ ಸಾಕಾಯಿತು. ಯಂತ್ರ ಸಾಗಿಸಲು ಗುಡ್ಡ ಕಡಿದು ಅಗಲವಾದ ರಸ್ತೆ ಮಾಡಿದರು, ಮಣ್ಣು ಹಳ್ಳಕ್ಕೆ ಇಳಿಯಿತು, ಕುರಿಗಳ ದಾರಿ ತಪ್ಪಿತು, ತಗಾದೆ ಹಸಿರು ನ್ಯಾಯಮಂಡಳಿಯವರೆಗೆ ಹೋಯಿತು. ಗಾಳಿ ವಿದ್ಯುತ್ತು ಬೇಡವೆಂದಲ್ಲ. ಆದರೆ ಜನ ಬೆಳೆಸಿದ ಹಸಿರು ಲೆಕ್ಕದಲ್ಲಿ ಸೊನ್ನೆ, ಕಂಪೆನಿ ನೆಟ್ಟ ಕಂಬ ಮಾತ್ರ ಹಸಿರು ಎಂದರೆ ಇದು ಯಾವ ನ್ಯಾಯ?

ಹಳೆಯದನ್ನೆಲ್ಲ ಈಗ ಏಕೆ ಕೆದಕಬೇಕು ಎಂದು ಕೇಳುವವರಿದ್ದಾರೆ. ಏಕೆಂದರೆ ಗ್ರಂಥ ಮತ್ತೆ ಬಂದಿದೆ. 2024ರ ಡಿಸೆಂಬರ್ 13ರಂದು ಆಂಧ್ರ ಸರಕಾರ 'ಸ್ವರ್ಣಾಂಧ್ರ 2047' ಎಂಬ ಹೊಸ ಮುನ್ನೋಟವನ್ನು ಬಿಡುಗಡೆ ಮಾಡಿತು, 2.4 ಲಕ್ಷ ಕೋಟಿ ಡಾಲರಿನ ಆರ್ಥಿಕತೆ ಅದರ ಗುರಿ. ತೆಲಂಗಾಣದಲ್ಲಿ ಜಹೀರಾಬಾದಿನ ಕೈಗಾರಿಕಾ ವಲಯಕ್ಕೆ ಝರಾಸಂಗಂ, ನ್ಯಾಲಕಲ್ ಮಂಡಲಗಳಲ್ಲಿ ಗುರುತಿಸಿದ ನೆಲ 12,635 ಎಕರೆ. ಅಲ್ಲಿನ 3,245 ಎಕರೆಯ ಕೈಗಾರಿಕಾ ನಗರಕ್ಕೆ 2024ರ ಆಗಸ್ಟಿನಲ್ಲಿ ಕೇಂದ್ರ ಸಂಪುಟ ಒಪ್ಪಿಗೆ ಕೊಟ್ಟಿತು, 1.74 ಲಕ್ಷ ಉದ್ಯೋಗ ಹುಟ್ಟಬಹುದೆಂದು ಹೇಳಲಾಯಿತು. ಆಲ್ಗೋಲಿನ ತೀರ್ಪು ಬಂದ ಅದೇ ಸೀಮೆ! ಕನ್ನಡ, ತೆಲುಗು, ಉರ್ದು ಮೂರನ್ನೂ ಬೆರೆಸಿ ಮಾತನಾಡುವ ಊರುಗಳು.

ಆದುದರಿಂದ ಆ ಭಾಗದ ನಮ್ಮ ಅಧ್ಯಾಪಕರಲ್ಲಿ, ಪೋಷಕ ಸಂಘಗಳಲ್ಲಿ ಒಂದು ಬಿನ್ನಹ. ಗ್ರಾಮಸಭೆಯ ಮುಂದಿನ ಸಭೆಗೆ ಮೊದಲೇ 2005ರ ಮಾಹಿತಿ ಹಕ್ಕು ಕಾಯಿದೆಯ ಪ್ರಕಾರ ಒಂದು ಅರ್ಜಿ ಬರೆಯಿರಿ. ಈ ಯೋಜನೆಯ ವರದಿಯನ್ನು ತಯಾರಿಸಿದ ಸಲಹಾ ಸಂಸ್ಥೆ ಯಾವುದು, ಅದಕ್ಕೆ ಕೊಟ್ಟ ಹಣ ಎಷ್ಟು, ಅದರವರು ನಮ್ಮ ಮಂಡಲದಲ್ಲಿ ಎಷ್ಟು ಮಂದಿಯನ್ನು ಯಾವ ಭಾಷೆಯಲ್ಲಿ ಕೇಳಿದರು, 1.74 ಲಕ್ಷ ಎಂಬ ಸಂಖ್ಯೆ ಬಂದದ್ದು ಯಾವ ಲೆಕ್ಕದಿಂದ, ಅದರಲ್ಲಿ ಹತ್ತನೆಯ ತರಗತಿ ಓದಿದ ಊರ ಹುಡುಗರಿಗೆ ಎಷ್ಟು, ನೆಲ ಕಳೆದುಕೊಂಡ ಕೂಲಿ ಹೆಂಗಸರಿಗೆ ಎಷ್ಟು ಎಂದು ಕೇಳಿ. ಕನ್ನಡ ಮಾತನಾಡುವ ಊರುಗಳಿಗೆ ವರದಿಯ ಸಾರವನ್ನು ಕನ್ನಡದಲ್ಲಿ ಕೊಡಿ ಎಂದೂ ಅದರಲ್ಲೇ ಸೇರಿಸಿ. ಉತ್ತರ ಕೊಡಲು ಕಾಯಿದೆ 30 ದಿನಗಳ ಗಡುವು ಹಾಕಿದೆ. ಬಂದ ಉತ್ತರವನ್ನೂ, ಬಾರದಿದ್ದರೆ ಅರ್ಜಿಯ ಪ್ರತಿಯನ್ನೂ ನಮಗೆ ಕಳುಹಿಸಿಕೊಡಿ. ಮುಂದಿನ ಸಂಚಿಕೆಯಲ್ಲಿ ಹಾಗೆಯೇ ಅಚ್ಚು ಹಾಕುತ್ತೇವೆ.