ಬಚ್ಚಲ ನೀರಿಗೆ ವಿದ್ಯುತ್ತೋ, ಗ್ಯಾಸೋ? ಮೊದಲು ನಿಮ್ಮ ಬಿಲ್ಲು ನೋಡಿ

ಹಂಡೆಯೊಲೆ ಉರಿಯುತ್ತಿದ್ದ ಹಳ್ಳಿಯ ಬಚ್ಚಲುಗಳಿಗೆ ವಿದ್ಯುತ್ ಕಾಯಿಲ್ ಬಂತು, ಅದರ ಬೆನ್ನಿಗೇ ಗೀಸರೂ ಬಂತು. ಸೌದೆ ಒಡೆಯುವ ಕೂಲಿ ಉಳಿಯಿತು, ಹೊಗೆ ತಪ್ಪಿತು. ಈಗ ಬಿಲ್ಲಿನ ಚಿಂತೆ ಶುರುವಾಗಿದೆ. ಗ್ಯಾಸ್ ಗೀಸರ್ ಹಾಕಿಸಿದರೆ ಖರ್ಚು ಅರ್ಧಕ್ಕೆ ಇಳಿಯುತ್ತದೆಂದು ಅಂಗಡಿಯಲ್ಲಿ ಹೇಳುವುದುಂಟು. ಈ ಮಾತನ್ನು ರೈತಬಾಂಧವರು ನಂಬುವ ಮೊದಲು ಕಾಗದ, ಪೆನ್ಸಿಲು ಹಿಡಿದು ಕೂಡುವುದು ಲೇಸು.

ಇಪ್ಪತ್ತು ಲೀಟರಿನ ಒಂದು ಬಕೆಟ್ ನೀರನ್ನು ಸ್ನಾನದ ಹದಕ್ಕೆ ಕಾಯಿಸಲು ಸುಮಾರು ಅರ್ಧ ಯೂನಿಟ್ ವಿದ್ಯುತ್ ಬೇಕು. ಐದು ಜನರ ಮನೆಗೆ ದಿನಕ್ಕೆ ಎರಡೂವರೆ, ತಿಂಗಳಿಗೆ 75 ಯೂನಿಟ್. 2025ರ ಏಪ್ರಿಲ್‌ನಲ್ಲಿ ಗೊತ್ತಾದ ದರ ಯೂನಿಟ್ಟಿಗೆ 5 ರೂ. 80 ಪೈಸೆ. ಪಿಂಚಣಿ ಬಾಬ್ತಿನ 36 ಪೈಸೆಯನ್ನೂ ತೆರಿಗೆಯನ್ನೂ ಕೂಡಿಸಿದರೆ ಆರೂವರೆ ರೂಪಾಯಿ ದಾಟುತ್ತದೆ. ಅಂದರೆ ಬಿಸಿನೀರಿಗೆ ತಿಂಗಳಿಗೆ ಐನೂರರಷ್ಟು.

ಇನ್ನು ಗ್ಯಾಸು. 14.2 ಕಿಲೋ ಸಿಲಿಂಡರಿನಿಂದ, ಗೀಸರಿನಲ್ಲಿ ಸೋರಿಹೋಗುವ ಶಾಖ ಕಳೆದು, ಸುಮಾರು 145 ಯೂನಿಟ್ಟಿಗೆ ಸಮನಾದ ಶಾಖ ನೀರಿಗೆ ಸೇರುತ್ತದೆ. ಅಡಿಗೆಯ ಒಲೆಯ ಮೇಲೆ ಪಾತ್ರೆ ಇಟ್ಟು ಕಾಯಿಸಿದರೆ ಸುಮಾರು ನೂರು. 2025ರ ಏಪ್ರಿಲ್‌ನಲ್ಲಿ 50 ರೂ. ಏರಿದ ಮೇಲೆ ದೆಹಲಿಯಲ್ಲಿ ಸಿಲಿಂಡರಿಗೆ 853 ರೂ. ಆಯಿತು, ನಮ್ಮಲ್ಲಿ ಸ್ವಲ್ಪ ಆಚೀಚೆ. ಗೀಸರಿನ ಲೆಕ್ಕದಲ್ಲಿ ಯೂನಿಟ್ಟಿಗೆ ಆರು ರೂಪಾಯಿಯ ಹತ್ತಿರ. ಐನೂರರ ಬದಲು 440. ಗೀಸರಿಗೆ ಐದು ಸಾವಿರ ಎಂದಿಟ್ಟುಕೊಂಡರೂ ಹಾಕಿದ ಹಣ ಮರಳಲು ಏಳು ವರ್ಷ ಬೇಕು. ಖರ್ಚು ಅರ್ಧಕ್ಕಿಳಿಯುವ ಮಾತೆಲ್ಲಿ ಬಂತು? ಬೆಲೆ ಬದಲಾದಾಗ ನೀವೇ ಸಿಲಿಂಡರಿನ ಬೆಲೆಯನ್ನು 145ರಿಂದ ಭಾಗಿಸಿ, ವಿದ್ಯುತ್ ದರದ ಪಕ್ಕದಲ್ಲಿಟ್ಟು ನೋಡಿ.

ಆದರೆ ಇದು ಹಣ ಕೊಟ್ಟು ವಿದ್ಯುತ್ ಕೊಳ್ಳುವವರ ಲೆಕ್ಕ. 2023ರಲ್ಲಿ ಜಾರಿಗೆ ಬಂದ ಗೃಹಜ್ಯೋತಿ ಇದನ್ನು ತಲೆಕೆಳಗು ಮಾಡಿತು. 2022–23ರಲ್ಲಿ ಮನೆ ಬಳಸಿದ ಸರಾಸರಿಯ ಮೇಲೆ ಶೇಕಡ 10 ಕೂಡಿಸಿ ಆ ಮನೆಯ ಉಚಿತ ಪಾಲು ಕಟ್ಟಿದರು. ಗರಿಷ್ಠ ಮಿತಿ 200. ಪಾಲು ಮೀರಿದರೆ ಹೆಚ್ಚಿನ ಯೂನಿಟ್ಟಿಗಷ್ಟೇ ಹಣ, 200 ಮೀರಿದರೆ ಪೂರಾ ಬಿಲ್ಲು.

ಆ ವರ್ಷವೇ ಕಾಯಿಲ್ ಇಟ್ಟಿದ್ದ ಮನೆಯ ಸರಾಸರಿಯಲ್ಲಿ ಬಿಸಿನೀರಿನ ಯೂನಿಟ್ಟೂ ಸೇರಿದೆ. ಅಂಥ ಮನೆಗೆ ನೀರು ಪುಕ್ಕಟೆ ಕಾಯುತ್ತಿರುವಾಗ ಗ್ಯಾಸಿಗೆ ಹೋದರೆ ತಿಂಗಳಿಗೆ 440 ರೂಪಾಯಿ ಕೈಯಾರೆ ಕಳೆದಂತೆ. ಆಗ ಸೌದೆ ಉರಿಸಿ ಬರೇ 60 ಯೂನಿಟ್ ಬಳಸಿದ್ದ ಮನೆಗೆ ಪಾಲು 66. ಅಲ್ಲಿ ಹೊಸದಾಗಿ ಗೀಸರ್ ಬಂದರೆ ಅದರ ಬಹುಪಾಲು ಯೂನಿಟ್ಟಿಗೆ ಹಣ ತೆರಬೇಕು. ಮಿತವ್ಯಯ ಮಾಡಿದವನಿಗೇ ಕಡಿಮೆ ಪಾಲು ಸಿಕ್ಕಿದ್ದು ಈ ಯೋಜನೆಯ ಒಂದು ವಕ್ರತೆಯೇ ಸರಿ.

ಗ್ಯಾಸಿನಿಂದ ನಿಜಕ್ಕೂ ಲಾಭ ಕಾಣುವವರು 200ರ ಗಡಿಯಲ್ಲಿ ನಿಂತವರು. 200 ಯೂನಿಟ್ ಪಾಲಿನ ಮನೆ 205 ಬಳಸಿತೆನ್ನಿ. ಐದು ಯೂನಿಟ್ಟಿನ ದೆಸೆಯಿಂದ ಸುಮಾರು 1,350 ರೂ., ಮೇಲೆ ನಿಗದಿತ ಶುಲ್ಕ. ದಿನಕ್ಕೆ ಎರಡು ಬಕೆಟ್ ನೀರನ್ನು ಇರುವ ಗ್ಯಾಸ್ ಒಲೆಯ ಮೇಲೆಯೇ ಮುಚ್ಚಳ ಹಾಕಿ ಕಾಯಿಸಿದರೆ 30 ಯೂನಿಟ್ ಇಳಿಯುತ್ತದೆ. ಗ್ಯಾಸಿಗೆ ಬೀಳುವುದು 250 ರೂಪಾಯಿಯ ಆಸುಪಾಸು. ಹೊಸ ಗೀಸರಿನ ಮಾತೇ ಬೇಡ.

ಉಜ್ವಲಾ ಸಂಪರ್ಕದವರಿಗೆ ಸಿಲಿಂಡರಿನ ಮೇಲೆ 300 ರೂ. ಖಾತೆಗೆ ಬರುವುದರಿಂದ ಗ್ಯಾಸು ಅಗ್ಗವೇ. ಆದರೆ 2025–26ಕ್ಕೆ ಆ ಸಹಾಯ ವರ್ಷಕ್ಕೆ ಒಂಬತ್ತು ಸಿಲಿಂಡರಿಗೆ ಸೀಮಿತವಾಯಿತು. ಐವರ ಬಿಸಿನೀರೇ ಆರು ನುಂಗಿದರೆ ಅಡಿಗೆಗೆ ಉಳಿಯುವುದು ಮೂರು.

ಗ್ಯಾಸ್ ಗೀಸರ್ ಹಾಕಿಸಲೇಬೇಕೆಂದಿದ್ದರೆ ಬಚ್ಚಲಿನ ಹೊರಗೋಡೆಗೆ ಹಾಕಿಸಿ, ಬಿಸಿನೀರಿನ ಕೊಳವೆಯನ್ನಷ್ಟೇ ಒಳಗೆ ತನ್ನಿ. ಮುಚ್ಚಿದ ಬಚ್ಚಲಲ್ಲಿ ಅದು ಉರಿದರೆ ಇಂಗಾಲದ ಮಾನಾಕ್ಸೈಡ್ ತುಂಬುತ್ತದೆ. ಅದಕ್ಕೆ ವಾಸನೆಯಿಲ್ಲ, ಬಣ್ಣವಿಲ್ಲ. ಸ್ನಾನಕ್ಕೆ ಹೋದವರು ಎಚ್ಚರ ತಪ್ಪಿ ಪ್ರಾಣ ಕಳೆದುಕೊಂಡ ಸುದ್ದಿಗಳು ಬರುತ್ತಲೇ ಇವೆ.

ಇಷ್ಟೆಲ್ಲ ಲೆಕ್ಕದಲ್ಲಿ ಕೊಟ್ಟಿಗೆಯನ್ನು ಮರೆತೇವು. ಒಂದು ಘನ ಮೀಟರ್ ಗೋಬರ್ ಅನಿಲ ಒಲೆಯಲ್ಲಿ ಉರಿದು ಮೂರು ಯೂನಿಟ್ಟಿನಷ್ಟು ಶಾಖವನ್ನು ನೀರಿಗೆ ಕೊಡುತ್ತದೆ. ಐದು ಬಕೆಟ್ಟಿಗೆ ಧಾರಾಳ. ಬೇಕಾದ ಸಗಣಿ ದಿನಕ್ಕೆ ಸುಮಾರು 25 ಕಿಲೋ, ಎಂದರೆ ಎರಡು ಮೂರು ರಾಸುಗಳದ್ದು. ಸಗಣಿಯೂ ನಷ್ಟವಾಗುವುದಿಲ್ಲ, ಬಗ್ಗಡ ಗೊಬ್ಬರವಾಗಿ ಹೊಲಕ್ಕೇ ಹೋಗುತ್ತದೆ. 2022ರ ಕೇಂದ್ರದ ಯೋಜನೆಯಲ್ಲಿ ಅತಿ ಚಿಕ್ಕ ಸ್ಥಾವರಕ್ಕೆ 9,800 ರೂ. ಸಹಾಯಧನವಿತ್ತು. ಈ ಸಾಲಿನ ಮೊತ್ತವನ್ನು ಪಂಚಾಯಿತಿಯಲ್ಲಿ ಕೇಳಿ, ಮಂಜೂರಾತಿ ಕೈಗೆ ಬಂದ ಮೇಲೆಯೇ ಗುಂಡಿ ತೋಡಿಸಿ. ಸಿಲಿಂಡರ್ ಗ್ಯಾಸಿನ ಬರ್ನರ್ ಇದಕ್ಕೆ ಒಗ್ಗದು. ದೊಡ್ಡ ರಂಧ್ರದ ಗೋಬರ್ ಗ್ಯಾಸ್ ಒಲೆಯನ್ನೇ ಕೊಳ್ಳಬೇಕು.

ಒಂದು ತೊಡಕುಂಟು. ಬಿಸಿನೀರು ಹೆಚ್ಚು ಬೇಕಾಗುವ ಮಾಗಿಯ ಚಳಿಯಲ್ಲೇ ಅನಿಲ ಕಡಿಮೆ ಹುಟ್ಟುತ್ತದೆ. ಆ ತಿಂಗಳುಗಳಲ್ಲಿ ಬಿಸಿಲಿಗಿಟ್ಟ ನೀರಲ್ಲಿ ಸಗಣಿ ಕದಡಿ, ಬೆಳಿಗ್ಗೆಯ ಬದಲು ಮಧ್ಯಾಹ್ನ ತೊಟ್ಟಿಗೆ ಹಾಕಿ. ಸ್ಥಾವರದ ಮೇಲೆ ಹುಲ್ಲು ಹೊದಿಸಿ. ಆದರೂ ಸಾಲದೆ ಬಂದ ದಿನಕ್ಕೆಂದು ಹಳೆಯ ಹಂಡೆಯನ್ನು ಗುಜರಿಗೆ ಹಾಕದೆ ಇಟ್ಟುಕೊಂಡಿರಿ.