ಒಂದು ಓಟಿನ ಬೆಲೆ, ಒಂದು ಪ್ರಶ್ನೆಯ ಬೆಲೆ

ಉಮ್ಮತ್ತೂರು ಅಂದರೆ ಚರಿತ್ರೆ ಪುಸ್ತಕಕ್ಕೆ ಪಾಳೆಯಗಾರ ಗಂಗರಾಜ, ಕೃಷ್ಣದೇವರಾಯನ ದಂಡು, ಕಾಳಗ. ಪರೀಕ್ಷೆಯಲ್ಲಿ ಎರಡು ಮಾರ್ಕಿನ ಪ್ರಶ್ನೆ. ಅದೇ ಸೀಮೆಯ ಕೇರಿಗಳ ಬಗ್ಗೆ ಯಾವ ಪರೀಕ್ಷೆಯಲ್ಲೂ ಪ್ರಶ್ನೆ ಬರುವುದಿಲ್ಲ. ಆ ಪ್ರಶ್ನೆ ಕೇಳಬೇಕಾದ ಜಾಗ ಬೇರೆ ಇದೆ. ಅದು ದೆಹಲಿಯ ಲೋಕಸಭೆ, ಬೆಂಗಳೂರಿನ ವಿಧಾನಸಭೆ. ಅಲ್ಲಿ ನಮ್ಮ ಹೆಸರಿನಲ್ಲೇ ಕುರ್ಚಿ ಇದೆ. ಚಾಮರಾಜನಗರ ಮೀಸಲು ಲೋಕಸಭಾ ಕ್ಷೇತ್ರ. ಆ ಕುರ್ಚಿಯಲ್ಲಿ ಕೂತವರು ನ್ಯಾಯದ ಬಗ್ಗೆ, ಕಾನೂನಿನ ಬಗ್ಗೆ ಏನು ಕೇಳುತ್ತಾರೆ ಎಂದು ತಿಳಿಯುವುದು ನಮ್ಮ ಹಕ್ಕು.

ಓಟಿನ ಬೆಲೆಯನ್ನು ಈ ಸೀಮೆಗೆ ಯಾರೂ ಹೇಳಿಕೊಡಬೇಕಾಗಿಲ್ಲ. 2004ರಲ್ಲಿ ಸಂತೇಮರಹಳ್ಳಿ ವಿಧಾನಸಭಾ ಕ್ಷೇತ್ರದಲ್ಲಿ ಆರ್. ಧ್ರುವನಾರಾಯಣ ಗೆದ್ದದ್ದು ಒಂದೇ ಒಂದು ಓಟಿನಿಂದ. ಆ ಕ್ಷೇತ್ರ 2008ರ ವಿಂಗಡಣೆಯಲ್ಲಿ ಅಳಿದುಹೋಯಿತು, ಆ ಒಂದು ಓಟಿನ ಮಾತು ಉಳಿಯಿತು. ಆದರೆ ಓಟು ಐದು ವರ್ಷಕ್ಕೆ ಒಂದು ದಿನದ್ದು. ಪ್ರಶ್ನೆ ಹಾಗಲ್ಲ. ಅಧಿವೇಶನ ನಡೆಯುವಾಗ ಲೋಕಸಭೆಯ ಮೊದಲ ಗಂಟೆಯೇ ಪ್ರಶ್ನೆಯದು. ಚುಕ್ಕೆ ಗುರುತಿನ ಪ್ರಶ್ನೆ ದಿನಕ್ಕೆ 20. ಅದಕ್ಕೆ ಮಂತ್ರಿ ಎದ್ದು ನಿಂತು ಬಾಯಲ್ಲೇ ಉತ್ತರ ಹೇಳಬೇಕು, ಮೇಲೆ ಉಪಪ್ರಶ್ನೆಯನ್ನೂ ಎದುರಿಸಬೇಕು. ಚುಕ್ಕೆ ಗುರುತಿಲ್ಲದ ಪ್ರಶ್ನೆ ದಿನಕ್ಕೆ 230. ಅದಕ್ಕೆ ಬರಹದ ಉತ್ತರ. ಎರಡೂ ದಾಖಲೆಯಾಗುತ್ತವೆ. ಭಾಷಣ ಗಾಳಿಗೆ ಹೋಗುತ್ತೆ, ಉತ್ತರ ಕಾಗದದಲ್ಲಿ ಕೂರುತ್ತೆ.

“ಅಯ್ಯೋ, ಅವರಾದ್ರೂ ಏನ್ ಮಾಡ್ತಾರೆ, ಪಾರ್ಟಿ ಹೇಳ್ದಂಗೆ ಕೇಳ್ಬೇಕಲ್ವಾ” ಎನ್ನುವವರಿದ್ದಾರೆ. ಪಾರ್ಟಿಯ ವಿಪ್ ಕಟ್ಟಿಹಾಕುವುದು ಸದನದಲ್ಲಿ ಹಾಕುವ ಓಟನ್ನು. ಪ್ರಶ್ನೆ ಕೇಳಬೇಡ ಎಂದು ಯಾವ ಕಾನೂನೂ ಹೇಳಿಲ್ಲ. ಬಾಯಿ ಕಟ್ಟುವುದು ಬೇರೆ ಹೆದರಿಕೆ. 1932ರ ಪೂನಾ ಒಪ್ಪಂದದಿಂದ ಬಂದ ಜಂಟಿ ಮತದಾನದಲ್ಲಿ ಮೀಸಲು ಕುರ್ಚಿಗೂ ಊರಿನ ಓಟೇ ಬೇಕು. ಊರಿಗೆ ಬೇಸರವಾಗುವ ಪ್ರಶ್ನೆ ನಾಲಗೆ ತುದಿಯಲ್ಲೇ ಸಾಯುತ್ತೆ. ಈ ಹೆದರಿಕೆಗೆ ಮದ್ದು ಒಂದೇ. ಪ್ರಶ್ನೆ ಕೇಳದಿದ್ದರೆ ಕೇರಿಗೂ ಬೇಸರವಾಗುತ್ತೆ ಎಂದು ಅವರಿಗೆ ಗೊತ್ತಾಗಬೇಕು.

ಪ್ರಶ್ನೆ ಕೇಳಿದರೆ ಏನು ಬರುತ್ತೆ? ಒಂದು ಉದಾಹರಣೆ ನೋಡಿ. ನಮ್ಮ ದೇಶದ ಹೈಕೋರ್ಟುಗಳಲ್ಲಿ ನಮ್ಮವರು ಎಷ್ಟು ಮಂದಿ ನ್ಯಾಯಮೂರ್ತಿಗಳು? ರಾಜ್ಯಸಭಾ ಸದಸ್ಯ ಮನೋಜ್ ಕುಮಾರ್ ಝಾ ಕೇಳಿದರು. 2025ರ ಮಾರ್ಚ್‌ನಲ್ಲಿ ಕಾನೂನು ಖಾತೆಯಿಂದ ಉತ್ತರ ಬಂತು. 2018ರಿಂದ ಈಚೆಗೆ ನೇಮಕವಾದ 715 ಮಂದಿಯಲ್ಲಿ ಪರಿಶಿಷ್ಟ ಜಾತಿಯವರು 22, ಪರಿಶಿಷ್ಟ ಪಂಗಡದವರು 16, ಹಿಂದುಳಿದ ವರ್ಗದವರು 89. ಪರಿಶಿಷ್ಟ ಜಾತಿಯವರು ನೂರಕ್ಕೆ ಮೂರು! ನ್ಯಾಯದೇವತೆಯ ಕಣ್ಣಿಗೆ ಬಟ್ಟೆ ಕಟ್ಟಿದೆ, ಅವಳಿಗೆ ಜಾತಿ ಕಾಣದು ಅಂತಾರೆ. ಕಾಣದಿದ್ದರೆ ಈ ಲೆಕ್ಕ ಇಷ್ಟು ಅಚ್ಚುಕಟ್ಟಾಗಿ ಬಂದದ್ದು ಹೇಗೆ? ಪ್ರಶ್ನೆ ನಮಗೆ ನ್ಯಾಯ ಕೊಡಲಿಲ್ಲ, ನಿಜ. ಆದರೆ ಇನ್ನು ಮುಂದೆ ಈ ಅಂಕಿಯನ್ನು ಯಾರೂ ಸುಳ್ಳು ಎನ್ನುವ ಹಾಗಿಲ್ಲ.

ಈಗ ನಮ್ಮ ನಾಡಿಗೆ ಬನ್ನಿ. 2000ನೇ ಮಾರ್ಚ್ 11ರಂದು ಕಂಬಾಲಪಲ್ಲಿಯಲ್ಲಿ ಏಳು ಮಂದಿ ದಲಿತರನ್ನು ಜೀವಂತ ಸುಟ್ಟರು. ಸಾಕ್ಷಿಗಳು ತಿರುಗಿಬಿದ್ದರು. 2006ರಲ್ಲಿ ಕೋಲಾರದ ಕೋರ್ಟು ಆರೋಪಿಗಳನ್ನು ಬಿಟ್ಟಿತು, 2014ರಲ್ಲಿ ಹೈಕೋರ್ಟು ಅದನ್ನೇ ಎತ್ತಿಹಿಡಿಯಿತು. ಹಾಗಾದರೆ ಏಳು ಜನರನ್ನು ಸುಟ್ಟವರು ಯಾರು? ಬೆಂಕಿಗೆ ಕಾಲು ಬಂದಿತ್ತೇ? ಸಾಕ್ಷಿ ಹೇಳುವವನು ನಾಳೆ ಕೂಲಿಗೆ ಹೋಗಬೇಕಾದದ್ದು ಆರೋಪಿಯ ಹೊಲಕ್ಕೇ. ಅವನು ತಿರುಗಿಬೀಳುವುದಿಲ್ಲ, ಬೀಳಿಸುತ್ತಾರೆ. ಇದು ಗೊತ್ತಾಗಿಯೇ 2015ರ ತಿದ್ದುಪಡಿಯಲ್ಲಿ ಸಾಕ್ಷಿಗಳ ರಕ್ಷಣೆ ಸರ್ಕಾರದ ಕರ್ತವ್ಯ ಎಂದು ದೌರ್ಜನ್ಯ ತಡೆ ಕಾಯಿದೆಗೇ ಸೇರಿಸಿದರು. ದೋಷಾರೋಪ ಪಟ್ಟಿ ಸಲ್ಲಿಸಿದ ಮೇಲೆ ಸಾಧ್ಯವಾದಷ್ಟೂ ಎರಡು ತಿಂಗಳಲ್ಲಿ ವಿಚಾರಣೆ ಮುಗಿಯಬೇಕು ಎಂದೂ ಬರೆದರು.

ಬರೆದದ್ದು ಎರಡು ತಿಂಗಳು. ಕೊಪ್ಪಳ ಜಿಲ್ಲೆಯ ಮರಕುಂಬಿಯಲ್ಲಿ ಕೇರಿಗೆ ಬೆಂಕಿ ಬಿದ್ದದ್ದು 2014ರ ಆಗಸ್ಟ್. ತೀರ್ಪು ಬಂದದ್ದು 2024ರ ಅಕ್ಟೋಬರ್. 98 ಮಂದಿಗೆ ಜೀವಾವಧಿ ಶಿಕ್ಷೆಯಾಯಿತು, ಮರು ತಿಂಗಳೇ ಹೈಕೋರ್ಟಿನಿಂದ ಬಹುಪಾಲು ಮಂದಿಗೆ ಜಾಮೀನು. ಹತ್ತು ವರ್ಷ ಕಾದವರಿಗೆ ಒಂದು ತಿಂಗಳ ಸಮಾಧಾನ. ನಮ್ಮ ಪಕ್ಕದ ಬದನವಾಳಿನಲ್ಲಿ 1993ರಲ್ಲಿ ಮೂರು ಹೆಣ ಬಿದ್ದದ್ದನ್ನು ಈ ಸೀಮೆಯ ಹಿರಿಯರನ್ನು ಕೇಳಿ, ಹೇಳುತ್ತಾರೆ.

ಇಂಥದ್ದನ್ನು ಸದನದಲ್ಲಿ ಎತ್ತಿದಾಗ ದೆಹಲಿಯಿಂದ ಬರುವ ಮಾಮೂಲಿ ಉತ್ತರ: “ಪೊಲೀಸ್ ರಾಜ್ಯದ ವಿಷಯ”. ಇದು ಅರ್ಧ ಸತ್ಯ. ಕಾಯಿದೆಯ 21ನೇ ಕಲಮು ತೆಗೆದು ಓದಿ. ಈ ಕಾಯಿದೆ ಜಾರಿಗೆ ಕೇಂದ್ರವೂ ರಾಜ್ಯಗಳೂ ಏನು ಮಾಡಿದವು ಎಂಬ ವರದಿಯನ್ನು ಕೇಂದ್ರ ಸರ್ಕಾರ ಪ್ರತಿ ವರ್ಷ ಎರಡೂ ಸದನಗಳ ಮುಂದೆ ಇಡಬೇಕು. 1995ರ ನಿಯಮಗಳ ಪ್ರಕಾರ ಮುಖ್ಯಮಂತ್ರಿ ಅಧ್ಯಕ್ಷತೆಯ ರಾಜ್ಯ ಸಮಿತಿ ವರ್ಷಕ್ಕೆ ಎರಡು ಸಲ, ಜಿಲ್ಲಾಧಿಕಾರಿ ಅಧ್ಯಕ್ಷತೆಯ ಜಿಲ್ಲಾ ಸಮಿತಿ ಮೂರು ತಿಂಗಳಿಗೆ ಒಂದು ಸಲವಾದರೂ ಸೇರಬೇಕು. ಆ ಜಿಲ್ಲಾ ಸಮಿತಿಯಲ್ಲಿ ಸಂಸದರೂ ಶಾಸಕರೂ ಸದಸ್ಯರು. ದೆಹಲಿ ದೂರ ಇರಬಹುದು, ಚಾಮರಾಜನಗರದ ಡಿ.ಸಿ. ಕಚೇರಿ ದೂರವೇ?

ಕಾನೂನು ತಾನಾಗಿ ಉಳಿಯುವುದಿಲ್ಲ. 2018ರ ಮಾರ್ಚ್ 20ರಂದು ಸುಪ್ರೀಂ ಕೋರ್ಟು ಈ ಕಾಯಿದೆಯ ಹಲ್ಲು ಕಿತ್ತಾಗ ಏಪ್ರಿಲ್ 2ರಂದು ದೇಶದ ಬೀದಿ ತುಂಬಿತು, ಜೀವಗಳೂ ಹೋದವು. ಆಗಸ್ಟ್‌ನಲ್ಲಿ ಸಂಸತ್ತು ತಿದ್ದುಪಡಿ ತಂದು ಹಲ್ಲು ವಾಪಸು ಕಟ್ಟಿತು. ಬೀದಿ ಮಾತಾಡಿದಾಗ ಸದನ ಕೇಳಿಸಿಕೊಂಡಿತು. ಬೀದಿ ಸುಮ್ಮನಾದಾಗಲೂ ಸದನದಲ್ಲಿ ಒಬ್ಬರಾದರೂ ಎದ್ದು ನಿಲ್ಲಬೇಕು.

ಬಾಬಾಸಾಹೇಬರು ಈ ದೇಶದ ಮೊದಲ ಕಾನೂನು ಮಂತ್ರಿ. ಹಿಂದೂ ಸಂಹಿತೆ ಮಸೂದೆಯನ್ನು ಕೈಬಿಟ್ಟಾಗ 1951ರಲ್ಲಿ ಕುರ್ಚಿ ಎಸೆದು ಬಂದರು. ರಾಜೀನಾಮೆಯ ಹೇಳಿಕೆಯ ಪ್ರತಿ ಮೊದಲೇ ಕೊಡು ಎಂದು ಪೀಠ ಕೇಳಿದಾಗ ಸದನದಿಂದಲೇ ಹೊರನಡೆದರು, ಹೇಳಿಕೆಯನ್ನು ಪತ್ರಿಕೆಗಳಿಗೆ ಕೊಟ್ಟರು. ಅವರ ಫೋಟೋಕ್ಕೆ ಹಾರ ಹಾಕುವ ಎಲ್ಲ ಜನಪ್ರತಿನಿಧಿಗಳೂ ಇದನ್ನು ನೆನೆಯಲಿ. ಕುರ್ಚಿ ಬಿಡಿ ಎಂದು ನಾವು ಹೇಳುತ್ತಿಲ್ಲ. ಕುರ್ಚಿಯಿಂದ ಎದ್ದು ಒಂದು ಪ್ರಶ್ನೆ ಕೇಳಿ ಅನ್ನುತ್ತಿದ್ದೇವೆ, ಅಷ್ಟೆ.

ಹಾಸ್ಟೆಲಿನ ಗೆಳೆಯರೇ, ನಿಮ್ಮ ಕೈಯಲ್ಲಿ ಮೊಬೈಲಿದೆ. ಲೋಕಸಭೆಯ ಪ್ರಶ್ನೋತ್ತರಗಳು ಅದರಲ್ಲೇ ಸಿಗುತ್ತವೆ. ನಮ್ಮ ಸಂಸದರ ಹೆಸರು ಹಾಕಿ ಹುಡುಕಿ, ಕೇಳಿದ ಪ್ರಶ್ನೆಗಳನ್ನು ನೋಟ್ ಬುಕ್ಕಿಗೆ ಇಳಿಸಿ. ಒಳ್ಳೆಯ ಪ್ರಶ್ನೆ ಇದ್ದರೆ ಕೇರಿಯಲ್ಲಿ ಓದಿ ಹೇಳಿ, ಮೆಚ್ಚಿ ಕಾಗದ ಬರೆಯಿರಿ. ಇಲ್ಲದಿದ್ದರೆ ಈ ಮೂರನ್ನು ಕಳಿಸಿ. ನಮ್ಮ ಜಿಲ್ಲೆಯಲ್ಲಿ ದೌರ್ಜನ್ಯ ಪ್ರಕರಣ ಎಷ್ಟು, ಎರಡು ತಿಂಗಳಲ್ಲಿ ತೀರ್ಮಾನವಾದದ್ದು ಎಷ್ಟು? ಸಾಕ್ಷಿಗಳಿಗೆ ಕೊಟ್ಟ ರಕ್ಷಣೆ ಏನು? ಜಿಲ್ಲಾ ಸಮಿತಿ ಕಳೆದ ವರ್ಷ ಎಷ್ಟು ಸಲ ಸೇರಿತು, ಯಾರು ಬಂದರು, ಯಾರು ಬರಲಿಲ್ಲ?

ಹತ್ತು ಹಾಸ್ಟೆಲಿನಿಂದ ಹತ್ತು ಕಾಗದ ಹೋಗಲಿ, ಪ್ರತಿ ಇಟ್ಟುಕೊಳ್ಳಿ. ಉತ್ತರ ಬಂದರೆ ಈ ಪುಟದಲ್ಲೇ ಅಚ್ಚು ಹಾಕುತ್ತೇವೆ. ಬಾರದಿದ್ದರೆ ಬಾರದ ದಿನಗಳನ್ನು ಎಣಿಸಿ ಅಚ್ಚು ಹಾಕುತ್ತೇವೆ.

ಜೈ ಭೀಮ್.